ಅಮೆರಿಕದ ಗಡಿಯಾರ ಮತ್ತು ಮುಂಜಾನೆಯ ಡಿನ್ನರು

ನನ್ನ ಡೈರಿಯ ಪ್ರತಿ ಪುಟದ ಎಡಬದಿಗೆ ಸ್ಕೇಲು ಇಟ್ಟು ಎಳೆದ ಒಂದು ಗೆರೆ ಇದೆ. ಗೆರೆಯ ಬಲಕ್ಕೆ ಆ ದಿನ ನಡೆದದ್ದನ್ನು ಬರೆಯುತ್ತೇನೆ, ಎಡಕ್ಕೆ ಅಂಕಿಗಳನ್ನು. ಈ ಅಭ್ಯಾಸ ಅಪ್ಪನಿಂದ ಬಂದದ್ದು. ಅಪ್ಪ ಬಹರೇನಿನ ಸಲ್ಮಾಬಾದಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಇಪ್ಪತ್ತಾರು ವರ್ಷಗಳಿಂದ ನಟ್ಟು, ಬೋಲ್ಟು, ವಾಲ್ವು, ಪೈಪುಗಳನ್ನು ಎಣಿಸುತ್ತ ಬಂದವರು. ಮನೆಗೆ ಬಂದ ಮೇಲೂ ಅವರ ಕೈ ಸುಮ್ಮನಿರುವುದಿಲ್ಲ. ಮನಾಮಾದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಮೇಲೂ ಒಂದು ತುಂಡು ಮಾಸ್ಕಿಂಗ್ ಟೇಪು ಇದೆ, ಟೇಪಿನ ಮೇಲೆ ಡಬ್ಬಿ ತುಂಬಿಸಿದ ತಾರೀಕು.

ಹಾಗಾಗಿ ಆ ವರ್ಷದ ನನ್ನ ಕಥೆಯನ್ನು ಎಡಬದಿಯ ಅಂಕಿಗಳಿಂದಲೇ ಶುರು ಮಾಡುತ್ತೇನೆ. ಅರ್ಜಿ ಹಾಕಿದ್ದು 94 ಕಡೆ. ಇಲ್ಲ ಎಂದವರು 61. ಏನೂ ಹೇಳದವರು 32. ಬನ್ನಿ ಎಂದವರು 1.

ಅರ್ಜಿ ಯಾವುದಕ್ಕೆ ಎಂದು ಹೇಳಬೇಕು. ನಾನು ಮಂಗಳೂರಿನಲ್ಲಿ ಎಂಬಿಬಿಎಸ್ ಮುಗಿಸಿ ಬಹರೇನಿನಲ್ಲಿದ್ದ ಅಪ್ಪ ಅಮ್ಮನ ಬಳಿಗೆ ವಾಪಸು ಬಂದಿದ್ದೆ. ಅಮೆರಿಕದಲ್ಲಿ ಡಾಕ್ಟರಾಗಬೇಕಾದರೆ ಪರೀಕ್ಷೆಗಳನ್ನು ಪಾಸು ಮಾಡಿದರೆ ಸಾಲದು, ಅಲ್ಲಿಯ ಯಾವುದಾದರೂ ಆಸ್ಪತ್ರೆ ನಮ್ಮನ್ನು ಆರಿಸಿ ಮೂರು ವರ್ಷದ ತರಬೇತಿ ಕೊಡಬೇಕು. ಅದಕ್ಕೆ ರೆಸಿಡೆನ್ಸಿ ಎನ್ನುತ್ತಾರೆ. ಸೆಪ್ಟೆಂಬರಿನಲ್ಲಿ ಅರ್ಜಿ, ಚಳಿಗಾಲದಲ್ಲಿ ಇಂಟರ್ವ್ಯೂ, ಮಾರ್ಚಿನಲ್ಲಿ ಫಲಿತಾಂಶ. ಹಿಂದಿನ ವರ್ಷ ನನ್ನನ್ನು ಯಾರೂ ಕರೆದಿರಲಿಲ್ಲ. ಈ ಸಲದ ಡೈರಿಯ ಮೊದಲ ಪುಟದಲ್ಲಿ ನಾನೇ ಬರೆದಿದ್ದೆ: ಎರಡನೇ ಸಲ, ಕೊನೆಯ ಸಲ. ಜೂನ್ ಕೊನೆಗೆ ಅಪ್ಪ ನಿವೃತ್ತರಾಗುವವರಿದ್ದರು. ನನ್ನ ವೀಸಾ ಅವರ ಹೆಸರಿನಲ್ಲೇ ಇದ್ದದ್ದು. ಅವರ ಕೆಲಸ ಮುಗಿದ ದಿನ ನಮ್ಮ ಮೂವರ ಬಹರೇನೂ ಮುಗಿಯುತ್ತಿತ್ತು.

ಅಂದರೆ 94ರಲ್ಲಿ ಉಳಿದ ಆ 1ರ ಮೇಲೆಯೇ ಎಲ್ಲ ನಿಂತಿತ್ತು.

ಈಗ ಇದೆಲ್ಲ ವಿಡಿಯೊದಲ್ಲಿ ನಡೆಯುತ್ತದೆ. ಇಂಟರ್ವ್ಯೂ ಒಂದೇ ಅಲ್ಲ, ಅದರ ಹಿಂದಿನ ಸಂಜೆಯ ‘ಸೋಶಿಯಲ್’ ಕೂಡ. ಅಲ್ಲಿ ದೊಡ್ಡ ಡಾಕ್ಟರುಗಳು ಇರುವುದಿಲ್ಲ. ಈಗಾಗಲೇ ತರಬೇತಿಯಲ್ಲಿರುವ ರೆಸಿಡೆಂಟರು ಬಂದು ಕೂರುತ್ತಾರೆ, ಅರ್ಜಿ ಹಾಕಿದವರು ಕೂರುತ್ತಾರೆ, ಎಲ್ಲರೂ ಪರದೆಯ ಪುಟ್ಟ ಚೌಕಗಳೊಳಗಿಂದ ನಗುತ್ತ ಹರಟೆ ಹೊಡೆಯಬೇಕು. ‘ಇಲ್ಲಿ ಯಾರೂ ನಿಮ್ಮನ್ನು ಅಳೆಯುವುದಿಲ್ಲ’ ಎಂದು ಪ್ರತಿ ಆಮಂತ್ರಣದಲ್ಲೂ ಬರೆದಿರುತ್ತದೆ. ಅಳೆಯದಿದ್ದರೆ ಹೇಳುವುದು ಯಾಕೆ?

ಅಭ್ಯಾಸವಾಗಲಿ ಎಂದು ಆ ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ ಯಾರು ಬೇಕಾದರೂ ಸೇರಬಹುದಾದ 14 ವಿಡಿಯೊ ಕೂಟಗಳಿಗೆ ಹೋಗಿದ್ದೆ. ಎಡಬದಿಯ ಅಂಕಿಗಳು ಹೀಗಿವೆ: ತೆರೆಯ ಮೇಲೆ ಹಾದುಹೋದ ನಾಯಿಗಳು 9, ಬೆಕ್ಕುಗಳು 4, ‘ನಾವು ಇಲ್ಲಿ ಒಂದು ಕುಟುಂಬದ ಹಾಗೆ’ ಎಂಬ ಮಾತು 31 ಸಲ. ಹದಿನಾಲ್ಕು ಕೂಟಗಳಲ್ಲಿ ನಾನು ಮಾತಾಡಿದ್ದು ಒಟ್ಟು ಮೂರು ನಿಮಿಷ ಹನ್ನೆರಡು ಸೆಕೆಂಡು. ಅದರಲ್ಲಿ ನಲವತ್ತು ಸೆಕೆಂಡು ‘ನನ್ನ ಧ್ವನಿ ಕೇಳಿಸುತ್ತಿದೆಯೇ?’ ಎಂದು ಕೇಳಿದ್ದು.

ಬನ್ನಿ ಎಂದವರ ಪತ್ರ ಬಂದದ್ದು ಅಕ್ಟೋಬರ್ 17, ಗುರುವಾರ. ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಸಣ್ಣ ಊರು, ಫ್ಯಾಮಿಲಿ ಮೆಡಿಸಿನ್. ನಾನು ಪತ್ರವನ್ನು ಏಳು ಸಲ ಓದಿ ಮಂಚದ ಮೇಲೆ ನಿಂತು ಕುಣಿದೆ. ಅಮ್ಮ ಆಸ್ಪತ್ರೆಯ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದಳು. ಅವಳು ನರ್ಸು. ಯಾರಾದರೂ ಕುಣಿಯುತ್ತಿದ್ದರೆ ಮೊದಲು ಹಣೆ ಮುಟ್ಟಿ ನೋಡುವವಳು.

ಅಪ್ಪ ಅಮ್ಮ ತಮ್ಮೊಳಗೆ ತುಳು ಮಾತಾಡುತ್ತಾರೆ, ನನ್ನ ಹತ್ತಿರ ಕನ್ನಡ. ವಿಷಯ ದೊಡ್ಡದಾದರೆ ಇಬ್ಬರೂ ಕನ್ನಡಕ್ಕೆ ಬರುತ್ತಾರೆ. ಆ ದಿನ ಕನ್ನಡಕ್ಕೆ ಬಂದರು.

“ಇಂಟರ್ವ್ಯೂ ಯಾವಾಗ?” ಎಂದರು ಅಪ್ಪ.

“ನವೆಂಬರ್ ಹದಿನೈದು, ಶುಕ್ರವಾರ. ಅದ್ರ ಹಿಂದಿನ ಸಂಜೆ ಸೋಶಿಯಲ್. ಅಲ್ಲಿಯ ಗುರುವಾರ ಸಂಜೆ ಏಳು ಗಂಟೆ ಅಂದ್ರೆ ನಮ್ಗೆ ಶುಕ್ರವಾರ ಬೆಳಗ್ಗೆ.”

“ಬೆಳಗ್ಗೆ ಎಷ್ಟಕ್ಕೆ? ‘ಬೆಳಗ್ಗೆ’ ಅಂತ ಒಂದು ಟೈಮ್ ಇಲ್ಲ ಮಾರಾಯ್ತಿ.”

ಮರುದಿನ ಅಪ್ಪ ಸೂಕ್ ಎಂಬ ಹಳೆಯ ಪೇಟೆಯಿಂದ ಒಂದು ಗೋಡೆ ಗಡಿಯಾರ ತಂದರು. ಇಂಟರ್ನೆಟ್ಟಿನಲ್ಲಿ ಆ ಊರಿನ ಸಮಯ ನೋಡಿ, ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವ ತನಕ ಉಸಿರು ಬಿಗಿಹಿಡಿದು ಕಾದು, ಸರಿ ಹೊಂದಿಸಿ, ಹಾಲಿನಲ್ಲಿ ನಮ್ಮ ಗಡಿಯಾರದ ಪಕ್ಕದಲ್ಲೇ ನೇತುಹಾಕಿದರು. ನಮ್ಮದು ಐದು ತೋರಿಸಿದರೆ ಅದು ಏಳು ತೋರಿಸುತ್ತಿತ್ತು. ಕೆಳಗೆ ಮಾಸ್ಕಿಂಗ್ ಟೇಪು, ಅದರ ಮೇಲೆ ಗೋದಾಮಿನ ಪ್ರೆಶರ್ ಗೇಜುಗಳಿಗೆ ಅಂಟಿಸುವ ಚೀಟಿಯದ್ದೇ ಒಕ್ಕಣೆ: ಅಮೆರಿಕ. ಪರೀಕ್ಷಿಸಿದ್ದು 18-10. ಮುಂದಿನ ಪರೀಕ್ಷೆ ಆರು ತಿಂಗಳ ನಂತರ. ಕೆಳಗೆ ಸಹಿ.

ಅಪ್ಪನ ಸಹಿ ಬಿದ್ದ ಯಾವ ವಸ್ತುವನ್ನೂ ನಮ್ಮ ಮನೆಯಲ್ಲಿ ಮರುಪರೀಕ್ಷೆ ಮಾಡುವ ಪದ್ಧತಿ ಇಲ್ಲ. ನಾನು ಗಡಿಯಾರ ನೋಡಿ ಡೈರಿಯಲ್ಲಿ ಬರೆದೆ: ನ. 15, ಬೆಳಗ್ಗೆ 5.00, ಸೋಶಿಯಲ್. ಎರಡು ಗೆರೆ ಎಳೆದೆ.

ಅಮ್ಮನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಆಮಂತ್ರಣದಲ್ಲಿ ‘ನಿಮ್ಮ ಡಿನ್ನರ್ ತಟ್ಟೆಯೊಡನೆ ಬನ್ನಿ, ಒಟ್ಟಿಗೆ ಉಣ್ಣೋಣ’ ಎಂದಿತ್ತು. ಜೊತೆಗೆ ಊಟ ತರಿಸಿಕೊಳ್ಳಲು ಒಂದು ಕೂಪನ್ ಕಳಿಸಿದ್ದರು. ಆ ಕೂಪನ್ನನ್ನು ಫೋನಿನಲ್ಲಿ ಒತ್ತಿದರೆ ಖಾಲಿ ನೀಲಿ ಸಮುದ್ರದ ಒಂದು ನಕ್ಷೆ ಬಂದು, ನಿಮ್ಮ ಪ್ರದೇಶಕ್ಕೆ ಸೇವೆ ಇಲ್ಲ ಎಂದು ಹೇಳುತ್ತಿತ್ತು.

“ಕರ್ದದ್ದು ಅವ್ರು, ಊಟ ಹಾಕ್ಬೇಕಾದದ್ದೂ ಅವ್ರು,” ಎಂದಳು ಅಮ್ಮ. “ಅವ್ರ ಕೈಯಲ್ಲಿ ಆಗುದಿಲ್ಲಾಂದ್ರೆ ನಾವೇ ಮಾಡುವ. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ.”

“ಅಮ್ಮ, ಬೆಳಗ್ಗೆ ಐದು ಗಂಟೆಗೆ ಯಾರು ಅಷ್ಟು ಹುಳಿ-ಖಾರದ ಪುಳಿಮುಂಚಿ ತಿಂತಾರೆ? ಒಂದು ಟೋಸ್ಟು, ಒಂದು ಚಾ ಸಾಕು.”

“ಡಿನ್ನರ್ ಅಂತ ಬರ್ದಿದ್ದಾರಾ ಇಲ್ವಾ?”

“ಬರ್ದಿದ್ದಾರೆ.”

“ಹಾಗಾದ್ರೆ ಡಿನ್ನರೇ. ಟೋಸ್ಟ್ ಕೊಡುದು ಪೇಷಂಟಿಗೆ. ಅದ್ನ ತಿಂತಾ ಕೂತ್ರೆ ಈ ಹುಡುಗಿಗೆ ಹುಷಾರಿಲ್ಲ ಅಂತ ಗ್ರೇಶ್ತಾರೆ ಅವ್ರು.”

ಬಂಗುಡೆ ಮೀನಿನಲ್ಲಿ ಮುಳ್ಳಿರುತ್ತದೆ, ಮುಳ್ಳು ಬಿಡಿಸುತ್ತ ಮಾತಾಡುವುದು ಹೇಗೆ ಎಂದೆ. ನೀನು ಹೇಗೂ ಮಾತಾಡುವವಳಲ್ಲ, ಮುಳ್ಳಾದರೂ ಬಿಡಿಸು ಎಂದಳು.

ಅದು ನಿಜವೇ ಆದ್ದರಿಂದ ಅಪ್ಪ ತರಬೇತಿ ಶುರು ಮಾಡಿದರು. ದಿನಾ ಸಂಜೆ ಲುಂಗಿ ಉಟ್ಟು, ಕೈಯಲ್ಲಿ ಗೋದಾಮಿನ ಸ್ಟಾಪ್‌ವಾಚು ಹಿಡಿದು, ಸೋಫಾದ ಮೇಲೆ ನನ್ನ ಎದುರು ಕೂರುತ್ತಿದ್ದರು.

“ಹಲೋ. ನಾನು ಸೆಕೆಂಡ್ ಇಯರ್ ರೆಸಿಡೆಂಟ್. ನಿಮ್ಮ ಹಾಬಿ ಎಂತ?”

“ಓದುವುದು.”

“ಮತ್ತೆ?”

“ಬರೆಯುವುದು.”

ಅಪ್ಪ ವಾಚು ಒತ್ತಿ ನೋಡಿ ನಿಟ್ಟುಸಿರು ಬಿಟ್ಟರು. “ಎರಡೂವರೆ ಸೆಕೆಂಡ್. ನಮ್ಮ ಫೋರ್ಕ್‌ಲಿಫ್ಟ್ ರಿವರ್ಸ್ ಹೋಗುವಾಗ ನಿನಗಿಂತ ಜಾಸ್ತಿ ಮಾತಾಡ್ತದೆ.”

“ಅಪ್ಪ, ನೀವು ಲುಂಗಿ ಉಟ್ಟು ರೆಸಿಡೆಂಟ್ ಅಂದ್ರೆ ನಂಗೆ ನಗು ಬರ್ತದೆ.”

“ನಗು! ನಗುದು ಕೂಡ ಟೈಮಿಗೆ ಸೇರ್ತದೆ.”

ಗುರಿ ಐದು ನಿಮಿಷ ಎಂದು ಇಬ್ಬರೂ ಒಪ್ಪಿದೆವು. ಒಂದು ಕೂಟದಲ್ಲಿ ಒಟ್ಟು ಐದು ನಿಮಿಷ ನಾನು ಮಾತಾಡಿದರೆ, ಆ ಊರಿನವರಲ್ಲಿ ಒಬ್ಬರಿಗಾದರೂ ನನ್ನ ಮುಖ ನೆನಪಿರಬಹುದು. ನವೆಂಬರ್ 13ರ ಹೊತ್ತಿಗೆ ಸೋಫಾದ ಮೇಲಿನ ನನ್ನ ದಾಖಲೆ ಒಂದು ನಿಮಿಷ ಐವತ್ತು ಸೆಕೆಂಡು. ಅದರಲ್ಲಿ ಮೂವತ್ತು ಸೆಕೆಂಡು ನಗು.

ನವೆಂಬರ್ 15, ಶುಕ್ರವಾರ. ಎಚ್ಚರವಾದದ್ದು 3.40ಕ್ಕೆ, ಅಲಾರಂನಿಂದ ಅಲ್ಲ, ಮೆಣಸು ಕಡೆಯುವ ಮಿಕ್ಸಿಯ ಸದ್ದಿಗೆ. ಹಲ್ಲುಜ್ಜಿ, ಮೇಲೆ ಕಪ್ಪು ಬ್ಲೇಜರು, ಕೆಳಗೆ ಹೂವಿನ ಪೈಜಾಮ ಹಾಕಿ ಹಾಲಿನ ಮೇಜಿಗೆ ಬಂದೆ. ಹಿಂದಿನ ಗೋಡೆಯಲ್ಲಿ ಎರಡು ಗಡಿಯಾರ, ಎಡಕ್ಕೆ ಪೂರ್ವದ ಕಿಟಕಿ. ಪಕ್ಕದ ಮಸೀದಿಯ ಬಾಂಗ್ ಮುಗಿದು ಬೀದಿ ಮತ್ತೆ ಸುಮ್ಮನಾಗಿತ್ತು. ಅಮ್ಮ ನನ್ನ ಮುಂದೆ ತಟ್ಟೆ ಇಟ್ಟಳು. ಅನ್ನದಿಂದ ಹೊಗೆ ಏಳುತ್ತಿತ್ತು, ಮೂರು ಬಂಗುಡೆಗಳು ಕೆಂಪು ಸಾರಿನಲ್ಲಿ ಮಲಗಿದ್ದವು. ಅಪ್ಪ ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಸ್ಟಾಪ್‌ವಾಚನ್ನು ಸೊನ್ನೆಗೆ ತಂದರು. ಅಮೆರಿಕದ ಗಡಿಯಾರ ಏಳು ತೋರಿಸಿತು. ನಾನು ಲಿಂಕು ಒತ್ತಿದೆ.

ತೆರೆಯ ಮೇಲೆ ಒಬ್ಬರೇ ಇದ್ದರು. ಅಮ್ಮನಿಗಿಂತ ಸ್ವಲ್ಪ ದೊಡ್ಡ ಪ್ರಾಯದ ಹೆಂಗಸು, ಕನ್ನಡಕ ತಲೆಯ ಮೇಲೆ, ಬಾಯಿ ತುಂಬ ಸಲಾಡು. ನನ್ನನ್ನು ನೋಡಿ ಅವರು ಬೆಚ್ಚಿದರು, ಅವರನ್ನು ನೋಡಿ ನಾನೂ ಬೆಚ್ಚಿದೆ. ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದದ್ದು.

“ಮಗು,” ಎಂದರು ಅವರು ಸಲಾಡು ನುಂಗಿ, “ನೀನು ಒಂದು ಗಂಟೆ ಮೊದಲೇ ಬಂದಿದ್ದೀಯ.”

ಏಳು ಗಂಟೆಯಾಗಿದೆಯಲ್ಲ ಎಂದೆ. ಆರು ಎಂದರು. ನನ್ನ ಗಡಿಯಾರದಲ್ಲಿ ಏಳು ಎಂದೆ. ಅವರು ಕನ್ನಡಕವನ್ನು ಮೂಗಿಗೆ ಇಳಿಸಿ, ನನ್ನ ಬೆನ್ನ ಹಿಂದಿನ ಗೋಡೆಯನ್ನು ಇಣುಕಿ ನೋಡಿ ಕೇಳಿದರು: “ನೀವು ಅದನ್ನು ಹಿಂದಕ್ಕೆ ತಿರುಗಿಸಲಿಲ್ಲವೇ? ನಾವಿಲ್ಲಿ ಈ ತಿಂಗಳ ಮೊದಲ ಭಾನುವಾರ ಎಲ್ಲ ಗಡಿಯಾರಗಳನ್ನೂ ಒಂದು ಗಂಟೆ ಹಿಂದಿಟ್ಟೆವು.”

ಆ ಕ್ಷಣ ನನಗಾದದ್ದನ್ನು ಬರೆಯುವುದು ಕಷ್ಟ. ಬೇಸಿಗೆಗೊಂದು ಸಮಯ, ಚಳಿಗಾಲಕ್ಕೊಂದು ಸಮಯ ಎಂದು ಇಡೀ ದೇಶವೇ ಮುಳ್ಳು ತಿರುಗಿಸುತ್ತದೆ ಎಂದು ನಾನು ಎಲ್ಲೋ ಓದಿದ್ದೆ. ಓದಿದ್ದು ಮಾತ್ರ. ಬಹರೇನಿನಲ್ಲಾಗಲಿ ನಮ್ಮೂರಾದ ಉಡುಪಿಯಲ್ಲಾಗಲಿ ಐದು ಗಂಟೆ ಎಂದರೆ ವರ್ಷವಿಡೀ ಐದು ಗಂಟೆಯೇ. ಎರಡು ಗೆರೆ ಎಳೆದು ಬರೆದ ಸಮಯ! ಸಹಿ ಬಿದ್ದ ಗಡಿಯಾರ! ಹದಿನಾಲ್ಕು ಕೂಟಗಳಿಗೆ ಒಂದು ನಿಮಿಷವೂ ತಪ್ಪದೆ ಹೋದವಳು, ಮುಖ್ಯವಾದ ಒಂದೇ ಒಂದಕ್ಕೆ ಹೀಗೆ ಬಂದು ಬಿದ್ದಿದ್ದೆ.

“ನಾನು ಹೋಗಿ ಆಮೇಲೆ ಬರುತ್ತೇನೆ,” ಎಂದೆ.

“ಹೋಗಬೇಡ, ಹೋಗಬೇಡ,” ಎಂದರು. ಅವರು ರೆಸಿಡೆನ್ಸಿಯ ಕಚೇರಿ ನೋಡಿಕೊಳ್ಳುವವರಂತೆ. ಡಾಕ್ಟರಲ್ಲ. ಬಾಗಿಲು ತೆಗೆದು, ಎಲ್ಲರನ್ನೂ ಕೂರಿಸಿ, ರೆಸಿಡೆಂಟರು ಬಂದ ಕೂಡಲೇ ಮನೆಗೆ ಹೊರಡುವುದು ಅವರ ಕೆಲಸ. ಆ ಸಂಜೆ ಜನರನ್ನು ವಿಡಿಯೊದೊಳಗಿನ ಐದು ಸಣ್ಣ ಕೋಣೆಗಳಿಗೆ ಹಂಚಬೇಕಿತ್ತು. ಹೋದ ವಾರ ಹಾಗೆ ಹಂಚುವಾಗ ಒಬ್ಬ ಹುಡುಗ ಎಲ್ಲಿಗೆ ಹೋದನೆಂದೇ ಗೊತ್ತಾಗಲಿಲ್ಲವಂತೆ. “ಪ್ರಯೋಗಕ್ಕೆ ಒಬ್ಬರು ಬೇಕಿತ್ತು. ನೀನು ಆಕಾಶದಿಂದ ಬಿದ್ದ ಹಾಗೆ ಬಂದೆ.”

ಕೋಣೆಗಳಿಗೆ ಹಣ್ಣುಗಳ ಹೆಸರಿಟ್ಟಿದ್ದರು. ಸೇಬು, ಕಿತ್ತಳೆ, ದ್ರಾಕ್ಷಿ, ಚೆರ್ರಿ, ಕಲ್ಲಂಗಡಿ. ಅವರು ಒಂದು ಗುಂಡಿ ಒತ್ತುತ್ತಿದ್ದರು, ನಾನು ಸೇಬಿನೊಳಗೆ ಹೋಗಿ ಬೀಳುತ್ತಿದ್ದೆ. ಖಾಲಿ ಸೇಬಿನಲ್ಲಿ ನಾನು, ನನ್ನ ಬ್ಲೇಜರು, ನನ್ನ ಬಂಗುಡೆ. ಮತ್ತೆ ಹೊರಗೆ. ವರದಿ ಒಪ್ಪಿಸುವುದು ನನ್ನ ರಕ್ತದಲ್ಲೇ ಇದೆ.

“ಸೇಬು ಸರಿ ಇದೆ. ಕಿತ್ತಳೆಯಲ್ಲಿ ಒಳಗೆ ಹೋಗಲು ಆರು ಸೆಕೆಂಡು. ಚೆರ್ರಿ ಸರಿ.”

ದ್ರಾಕ್ಷಿಯಲ್ಲಿ ಮಾತ್ರ ಸಿಕ್ಕಿಹಾಕಿಕೊಂಡೆ. ಹೊರಗೆ ಬರುವ ಗುಂಡಿಯೇ ಕಾಣಲಿಲ್ಲ. ಮೂರು ನಿಮಿಷ ಒಬ್ಬಳೇ ಕೂತೆ. ಹೇಗೂ ಯಾರಿಲ್ಲ ಎಂದು ಒಂದು ಬಂಗುಡೆಯ ಮುಳ್ಳು ಬಿಡಿಸಿ ನೆಮ್ಮದಿಯಾಗಿ ಅನ್ನಕ್ಕೆ ಕಲಸಿ ಉಂಡೆ. ಕೊನೆಗೆ ತೆರೆಯ ಕೆಳತುದಿಯಲ್ಲಿ ಮೂರು ಚುಕ್ಕೆಗಳ ಹಿಂದೆ ಆ ಗುಂಡಿ ಅಡಗಿರುವುದು ಕಂಡಿತು. ಒತ್ತಿದರೆ ಹೊರಗೆ.

“ಹೋದ ವಾರದ ಹುಡುಗ ದ್ರಾಕ್ಷಿಯಲ್ಲೇ ಇರಬೇಕು, ಅವನ ಬೂಟು ನೋಡಿದೆ,” ಎಂದೆ.

ಅವರು ಮೇಜು ಬಡಿದು ನಕ್ಕರು. ನಾನು ಇಂಗ್ಲಿಷಿನಲ್ಲಿ ಒಂದು ತಮಾಷೆ ಮಾಡಿದ್ದೆ! ಅದೂ ಯಾರೂ ಕೇಳದೆ, ನಾನಾಗಿಯೇ! ಆಮೇಲೆ ಏನಾಯಿತೋ, ಬಾಟಲಿಯ ಮುಚ್ಚಳ ಹಾರಿದ ಹಾಗೆ ಮಾತು ಬಂತು. ತಟ್ಟೆಯಲ್ಲೇನು ಎಂದು ಕೇಳಿದರು. ಬಂಗುಡೆಯ ಕಥೆ ಹೇಳಿದೆ, ಕೂಪನ್ನಿನ ನೀಲಿ ಸಮುದ್ರದ ಕಥೆ ಹೇಳಿದೆ, ಟೋಸ್ಟು ಪೇಷಂಟಿಗೆ ಎಂಬ ಅಮ್ಮನ ಸಿದ್ಧಾಂತ ಹೇಳಿದೆ. ಅವರು ತಮ್ಮ ಸಲಾಡನ್ನು ನೋಡಿ, “ಹಾಗಾದರೆ ಇದು ಐಸಿಯುವಿನದ್ದು,” ಎಂದರು. ಅವರ ಊರಿನಲ್ಲಿ ಮೀನುಗಾರರ ದೋಣಿಗಳಿವೆಯಂತೆ. ಬೆನ್ನು ನೋವಿನ ಮೀನುಗಾರರು ಡಾಕ್ಟರ ಹತ್ತಿರ ಬರಲು ಒಪ್ಪುವುದಿಲ್ಲವಂತೆ, ಎಳೆದು ತರಬೇಕಂತೆ. ನಮ್ಮ ಮಲ್ಪೆಯಲ್ಲೂ ಹಾಗೆಯೇ ಎಂದೆ. ಇಂಟರ್ನ್‌ಶಿಪ್ಪಿನಲ್ಲಿ ಒಬ್ಬ ಅಜ್ಜನಿಗೆ ಇಂಜೆಕ್ಷನ್ ಕೊಡಲು ನಾನು ದೋಣಿಗಳು ಮೀನು ಇಳಿಸುವ ದಕ್ಕೆಯ ತನಕ ಹೋಗಿ ಐಸ್ ಪೆಟ್ಟಿಗೆಯ ಮೇಲೆ ಕೂತು ಕಾದದ್ದನ್ನು ಹೇಳಿದೆ. ಇದನ್ನು ನನ್ನ ಅರ್ಜಿಯಲ್ಲಿ ಬರೆದಿರಲಿಲ್ಲ. ಬರೆಯುವಂಥದ್ದು ಎಂದೇ ಅನಿಸಿರಲಿಲ್ಲ.

ಇದ್ದಕ್ಕಿದ್ದಂತೆ ಅವರು ಧ್ವನಿ ತಗ್ಗಿಸಿದರು.

“ಗಾಬರಿಯಾಗಬೇಡ. ನಿನ್ನ ಹಿಂದೆ ಒಬ್ಬರು ಗಡಿಯಾರ ಕದಿಯುತ್ತಿದ್ದಾರೆ.”

ತಿರುಗಿದೆ. ಅಪ್ಪ ಸ್ಟೂಲು ಹತ್ತಿ ನಿಂತಿದ್ದರು. ಲುಂಗಿ ಮೊಣಕಾಲಿನ ತನಕ, ಎರಡೂ ಕೈಯಲ್ಲಿ ಅಮೆರಿಕ. ಮಾತೆಲ್ಲ ಕೇಳಿಸಿಕೊಂಡ ಅವರಿಗೆ, ತಮ್ಮ ಸಹಿ ಇರುವ ತಪ್ಪು ವಸ್ತು ಇನ್ನೊಂದು ನಿಮಿಷವೂ ಗೋಡೆಯ ಮೇಲಿರುವುದು ಸಹಿಸಲಾಗಿರಲಿಲ್ಲ. ಕ್ಯಾಮೆರಾಕ್ಕೆ ತಾನು ಕಾಣಬಾರದು ಎಂಬುದು ಆಗ ನೆನಪಾಗಿ, ಕಳ್ಳನಂತೆಯೇ ಬಗ್ಗಿ, ಗಡಿಯಾರವನ್ನು ಎದೆಗವಚಿಕೊಂಡು ಅಡುಗೆಮನೆಗೆ ಓಡಿದರು.

“ಅದು ನನ್ನ ಅಪ್ಪ,” ಎಂದೆ. “ನಿಮ್ಮ ಸಮಯವನ್ನು ರಿಪೇರಿಗೆ ಒಯ್ದರು.”

ಒಳಗಿನಿಂದ ಅಮ್ಮನ ಪಿಸುಮಾತು ಕೇಳಿಸಿತು. “ನೀವು ಎಂತದು ಮಾರಾಯ್ರೆ, ಮದುವೆ ಮನೆಯ ಫೋಟೋದಲ್ಲಿ ಬಾಣಸಿಗ ಬಂದ ಹಾಗೆ!”

ಆರಕ್ಕೆ ಎರಡು ನಿಮಿಷ ಇರುವಾಗ ಎಡಗಡೆಯ ಕಿಟಕಿಯಲ್ಲಿ ಸೂರ್ಯ ಬಂದ. ಎದುರಿನ ಕಟ್ಟಡದ ನೀರಿನ ಟ್ಯಾಂಕುಗಳ ನಡುವಿನಿಂದ ಬೆಳಕು ನೇರ ನನ್ನ ಕೆನ್ನೆಗೆ ಬಿತ್ತು. ಆಗಲೇ ಚೌಕಗಳು ಒಂದೊಂದಾಗಿ ತೆರೆದುಕೊಂಡವು. ನಾಲ್ಕು ಜನ ರೆಸಿಡೆಂಟರು, ನನ್ನನ್ನೂ ಸೇರಿಸಿ ಹತ್ತು ಅರ್ಜಿದಾರರು. ಹೆಚ್ಚಿನವರ ಹಿಂದೆ ಕಪ್ಪು ಕಿಟಕಿ, ಹಳದಿ ದೀಪ.

“ಅಲ್ಲಿ ಯಾಕೆ ಬೆಳಕು?” ಎಂದ ಒಬ್ಬ ರೆಸಿಡೆಂಟ್ ನನ್ನ ಚೌಕ ನೋಡಿ.

“ಇಲ್ಲಿ ಶುಕ್ರವಾರ ಬೆಳಗ್ಗೆ,” ಎಂದೆ.

“ಅಂದರೆ ನಿನ್ನ ಕಿಟಕಿಯಲ್ಲಿ ನಾಳೆ ಬಂದಾಗಿದೆ! ಹೇಗಿದೆ ನಾಳೆ?”

“ಚೆನ್ನಾಗಿದೆ. ಸ್ವಲ್ಪ ಖಾರ.” ತಟ್ಟೆ ಎತ್ತಿ ತೋರಿಸಿದೆ.

ಕಚೇರಿಯ ಹೆಂಗಸು ಹೊರಡುವ ಮುಂಚೆ ಎಲ್ಲರಿಗೂ ಹೇಳಿದರು: “ಯಾರಾದರೂ ದ್ರಾಕ್ಷಿಯಲ್ಲಿ ಸಿಕ್ಕಿಹಾಕಿಕೊಂಡರೆ ಇವಳನ್ನು ಕೇಳಿ. ಇಲ್ಲಿಯ ಎಲ್ಲ ಬಾಗಿಲೂ ಇವಳಿಗೆ ಗೊತ್ತು.” ಕೈ ಬೀಸಿ ಮಾಯವಾದರು.

ಆ ಒಂದು ಮಾತಿನಿಂದ ನಾನು ಆ ಮನೆಯವಳಾಗಿಬಿಟ್ಟೆ. ಬೇರೆಯವರು ಕೋಣೆಯಿಂದ ಕೋಣೆಗೆ ಬಿದ್ದು ತಬ್ಬಿಬ್ಬಾದಾಗ ನಾನು, “ಕೆಳಗೆ ಮೂರು ಚುಕ್ಕೆ ಒತ್ತಿ,” ಎಂದು ದಾರಿ ಹೇಳಿದೆ. ಕಿತ್ತಳೆಯಲ್ಲಿ ಒಬ್ಬ ಹುಡುಗಿ ಇದ್ದಳು. ಎಷ್ಟು ಹೊತ್ತಾದರೂ ಬಾಯಿ ತೆರೆಯದೆ, ತೆರೆಯ ಯಾವುದೋ ಮೂಲೆಯನ್ನೇ ನೋಡುತ್ತ ನಗುತ್ತಿದ್ದಳು. ಆ ನಗು ನನ್ನದೇ. ಹದಿನಾಲ್ಕು ಸಲ ನಾನು ಹಾಕಿಕೊಂಡು ಕೂತದ್ದು. ಅವಳ ಕಿಟಕಿಯಲ್ಲೂ ಹಗಲಿತ್ತು.

“ನಿಮ್ಮ ತಟ್ಟೆಯಲ್ಲಿ ಏನಿದೆ?” ಎಂದು ಕೇಳಿದೆ.

ಅವಳು ನಾಚುತ್ತ ಎತ್ತಿ ತೋರಿಸಿದಳು. ಟೋಸ್ಟು.

ನನಗೆ ನಗು ತಡೆಯಲಾಗಲಿಲ್ಲ. ಅಮ್ಮನ ಸಿದ್ಧಾಂತವನ್ನು ಮತ್ತೊಮ್ಮೆ ಹೇಳಿದೆ. ಅವಳೂ ನಕ್ಕಳು, ಆಮೇಲೆ ಮಾತಾಡತೊಡಗಿದಳು, ನಿಲ್ಲಿಸಲೇ ಇಲ್ಲ. ಮುಂದಿನ ಮುಕ್ಕಾಲು ಗಂಟೆಯಲ್ಲಿ ನಾನು ಯಾರಿಗೆ ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಒಬ್ಬ ರೆಸಿಡೆಂಟಿನ ನಾಯಿಗೆ ಹೆಸರು ಸೂಚಿಸಿದ್ದು ನೆನಪಿದೆ. ಅದಕ್ಕೆ ಆಗಲೇ ಹೆಸರಿತ್ತು.

ಮುಗಿದ ಮೇಲೆ ಡೈರಿ ತೆರೆದೆ. ಎಡಬದಿಯಲ್ಲಿ ಬರೆಯಲು ಒಂದು ಅಂಕಿಯೂ ಇರಲಿಲ್ಲ. ನಾಯಿ ಎಣಿಸಿರಲಿಲ್ಲ, ಬೆಕ್ಕು ಎಣಿಸಿರಲಿಲ್ಲ, ಕುಟುಂಬ ಎಂಬ ಮಾತು ಎಷ್ಟು ಸಲ ಬಂತೋ ಗೊತ್ತಿಲ್ಲ.

“ಅಪ್ಪ, ನಾನು ಎಷ್ಟು ಮಾತಾಡಿದೆ?”

ಅಪ್ಪ ಅಂಗಿಯ ಜೇಬು ತಡವಿ ಸ್ಟಾಪ್‌ವಾಚು ತೆಗೆದರು. ಗಡಿಯಾರ ಇಳಿಸುವ ಗಡಿಬಿಡಿಯಲ್ಲಿ ನಿಲ್ಲಿಸಲು ಮರೆತಿದ್ದರು. ಅದು ಇನ್ನೂ ಓಡುತ್ತಿತ್ತು. “ಎರಡು ಗಂಟೆ ಒಂಬತ್ತು ನಿಮಿಷ,” ಎಂದು ಗಂಭೀರವಾಗಿ ಓದಿದರು. “ಬರ್ಕೊ.”

“ಲೊಟ್ಟೆ ಬರಿಯುದಿಲ್ಲ ನಾನು.”

“ಹಾಗಾದ್ರೆ ಖಾಲಿ ಬಿಡು. ಖಾಲಿ ಬಿಟ್ರೆ ಆಡಿಟ್‌ನವ್ರು ಎಂತ ಹೇಳ್ಲಿಕ್ಕೆ ಆಗುದಿಲ್ಲ.”

ಖಾಲಿ ಬಿಟ್ಟೆ. ಆ ಡೈರಿಯಲ್ಲಿ ಎಡಬದಿ ಖಾಲಿ ಇರುವ ಪುಟ ಅದೊಂದೇ.

ಇಂಟರ್ವ್ಯೂ ಅದೇ ದಿನ ಸಂಜೆ ಏಳಕ್ಕೆ, ಅವರ ಬೆಳಗಿನ ಎಂಟಕ್ಕೆ. ಅಮೆರಿಕ ಮತ್ತೆ ಗೋಡೆಗೆ ಬಂದಿತ್ತು. ಟೇಪಿನ ಮೇಲೆ ಹಳೆಯ ಸಹಿ ಹೊಡೆದು ಹಾಕಿ ಹೊಸ ಸಹಿ, ಮುಂದಿನ ಪರೀಕ್ಷೆ: ಪ್ರತಿದಿನ. ಈ ಸಲ ಅಪ್ಪ ಅಮ್ಮ ಇಬ್ಬರನ್ನೂ ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿದ್ದೆ. ಬೆಳಗಿನ ಧೈರ್ಯವೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿ ಇಳಿದುಹೋಗಿತ್ತು. ತೆರೆ ತೆರೆಯಿತು. ಬಿಳಿ ಗಡ್ಡದ ಮುಖ್ಯಸ್ಥರು ನನ್ನ ಕಾಗದಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಮೂರು ತಿಂಗಳು ನಾನು ತಯಾರಿ ಮಾಡಿದ ಇಪ್ಪತ್ತೇಳು ಪ್ರಶ್ನೆಗಳಲ್ಲಿ ಇಲ್ಲದ ಒಂದನ್ನು ಅವರು ಮೊದಲು ಕೇಳಿದರು.

“ಗಡಿಯಾರ ಸಿಕ್ಕಿತೇ?”

ಸಿಕ್ಕಿತು, ಕಳ್ಳ ಕೋಣೆಯಲ್ಲಿ ಬಂಧನದಲ್ಲಿದ್ದಾನೆ ಎಂದೆ. ಅವರು ಗಡ್ಡ ಅಲ್ಲಾಡುವಂತೆ ನಕ್ಕು, ದಕ್ಕೆಯ ಅಜ್ಜನ ಬಗ್ಗೆ ಕೇಳಿದರು. ಅಲ್ಲಿಂದ ಮುಂದೆ ನಾನು ತಯಾರಿಯ ಹಾಳೆಗಳನ್ನು ನೋಡಲೇ ಇಲ್ಲ.

ಆದರೆ ನಗುವುದು ಬೇರೆ, ಆರಿಸುವುದು ಬೇರೆ. ಡಿಸೆಂಬರ್, ಜನವರಿ, ಫೆಬ್ರವರಿಗಳಲ್ಲಿ ಆ 1 ಎಂಬ ಅಂಕಿ ಒಂದಾಗಿಯೇ ಉಳಿಯಿತು. ಉಳಿದ 32 ಕಡೆಯವರು ಕೊನೆಯ ತನಕ ಏನೂ ಹೇಳಲಿಲ್ಲ. ಅಪ್ಪ ಗೋದಾಮಿನ ಪಟ್ಟಿಗಳನ್ನು ಮುಂದಿನವನಿಗೆ ಒಪ್ಪಿಸತೊಡಗಿದರು. ಅಮ್ಮ ಉಡುಪಿಯ ಒಂದು ನರ್ಸಿಂಗ್ ಶಾಲೆಯಲ್ಲಿ ಕಲಿಸಲು ಒಪ್ಪಿಕೊಂಡು, ಈಗಿನಿಂದಲೇ ಕನ್ನಡಿಯ ಮುಂದೆ ಹುಡುಗಿಯರನ್ನು ಗದರಿಸುವ ಅಭ್ಯಾಸ ಮಾಡುತ್ತಿದ್ದಳು. ಮಾರ್ಚ್ ತಿಂಗಳ ಎರಡನೇ ಭಾನುವಾರ ಅಮೆರಿಕದವರು ಮುಳ್ಳುಗಳನ್ನು ಮತ್ತೆ ಮುಂದಿಟ್ಟರು. ಅಪ್ಪ ಆ ಹೊತ್ತಿಗೆ ಸರಿಯಾಗಿ ಸ್ಟೂಲು ಹತ್ತಿದ್ದರು.

ಮಾರ್ಚ್ 17, ಸೋಮವಾರ. ರಮ್ಜಾನ್ ತಿಂಗಳಾದ್ದರಿಂದ ಅಪ್ಪನಿಗೆ ಬೇಗ ರಜೆ. ಸಂಜೆ ಐದಕ್ಕೆ ಮೇಲ್ ಬರಬೇಕಿತ್ತು. ಆಯ್ಕೆಯಾಗಿದೆಯೇ ಇಲ್ಲವೇ ಎಂಬುದು ಮಾತ್ರ ಆ ದಿನ ತಿಳಿಯುತ್ತದೆ. ಎಲ್ಲಿ ಎಂಬುದಕ್ಕೆ ಶುಕ್ರವಾರದ ತನಕ ಕಾಯಬೇಕು. ನನಗೆ ಆ ಎರಡನೇ ಕಾಯುವಿಕೆ ಇರಲಿಲ್ಲ. ಇದ್ದದ್ದೇ ಒಂದು ಕಡೆ. 4.58, 4.59. ಮೂವರೂ ಸೋಫಾದ ಮೇಲೆ ಒತ್ತಿ ಕೂತಿದ್ದೆವು. ಐದಾಯಿತು, ಐದು ಒಂದಾಯಿತು.

“ಗಡಿಯಾರ ಸರಿ ಉಂಟಲ್ಲ?” ಎಂದಳು ಅಮ್ಮ.

“ನಾನು ಬೆಳಗ್ಗೆ ನೋಡಿದ್ದೇನೆ,” ಎಂದರು ಅಪ್ಪ, ಸ್ವಲ್ಪ ಸಿಟ್ಟಿನಿಂದ.

5.02ಕ್ಕೆ ಫೋನು ನಡುಗಿತು. ನನ್ನ ಕೈಯಲ್ಲಿ ತೆರೆಯಲಾಗಲಿಲ್ಲ, ಅಪ್ಪ ತೆರೆದರು. ಸರಕು ಬಂದಾಗ ಚೀಟಿ ಓದುವಂತೆ ತಾರೀಕಿನಿಂದ ಶುರು ಮಾಡಿ ಓದಿದರು. ಎರಡನೇ ಸಾಲಿಗೆ ಬಂದು ನಿಂತರು. ಕನ್ನಡಕ ತೆಗೆದರು.

“ಆಯ್ತು ಮಗಳೇ,” ಎಂದರು.

ನಾನು ಸೋಫಾದ ಮೇಲೆ ಹತ್ತಿ ಕುಣಿದೆ. ಈ ಸಲ ಅಮ್ಮ ನನ್ನ ಹಣೆ ಮುಟ್ಟಲಿಲ್ಲ. ಅವಳೂ ಹತ್ತಿದಳು. ಸೋಫಾದ ಒಂದು ಸ್ಪ್ರಿಂಗು ಟಕ್ ಎಂದು ಮುರಿಯಿತು. ಅದನ್ನು ಎಡಬದಿಯಲ್ಲಿ ಬರೆದಿದ್ದೇನೆ: ಸ್ಪ್ರಿಂಗು 1. ಇಫ್ತಾರ್ ಹೊತ್ತಿಗೆ ಅಮ್ಮ ಪಕ್ಕದ ಮನೆಯವರಿಗೆ ಒಂದು ದೊಡ್ಡ ಪಾತ್ರೆ ಪಾಯಸ ಕೊಟ್ಟು ಬಂದಳು. ವಿಷಯ ಹೇಳಲು ಹೋದವಳು ಬರೀ ನಕ್ಕು ಬಂದಳಂತೆ.

ಏಪ್ರಿಲಿನಲ್ಲಿ ಕಚೇರಿಯ ಆ ಹೆಂಗಸಿನಿಂದ ಪತ್ರ ಬಂತು. ವೀಸಾದ ಕಾಗದಗಳ ಪಟ್ಟಿ, ಕೆಲಸಕ್ಕೆ ಸೇರುವ ದಿನ, ಬೆಳಗ್ಗೆ ಏಳು ಗಂಟೆ. ಕೊನೆಯಲ್ಲಿ ಬೇರೆಯಾಗಿ ಒಂದು ಸಾಲು: ‘ಏಳು ಎಂದರೆ ಏಳು. ಆರಕ್ಕೆ ಬಂದರೆ ನನಗೆ ಬಂಗುಡೆ ತರಬೇಕು.’

ಜೂನ್ ತಿಂಗಳಲ್ಲಿ ಮನೆ ಖಾಲಿ ಮಾಡುವಾಗ ಅಪ್ಪ ಪೆಟ್ಟಿಗೆಗಳ ನಡುವೆ ಕೂತು ಗಡಿಯಾರದ ಮುಳ್ಳು ತಿರುಗಿಸುತ್ತಿದ್ದರು. ಅದನ್ನು ನನ್ನ ಜೊತೆ ಕಳಿಸುವುದೆಂದು ತೀರ್ಮಾನವಾಗಿತ್ತು. ಇನ್ನು ಅದು ಉಡುಪಿಯ ಸಮಯ ತೋರಿಸಬೇಕು. ಅವರು ಕಾಗದದ ಮೇಲೆ ಕೂಡಿ ಕಳೆದು, ಮತ್ತೆ ಕೂಡಿ, ತಟ್ಟನೆ ಮುಖ ಎತ್ತಿದರು.

“ಇಲ್ಲಿ ನೋಡು ಮಾರಾಯ್ತಿ! ಬಹರೇನಿಗೂ ನಿನ್ನ ಊರಿಗೂ ಎರಡು ಗಂಟೆ ವ್ಯತ್ಯಾಸ ಇತ್ತಲ್ವಾ ಗಡಿಯಾರದಲ್ಲಿ? ಉಡುಪಿಗೆ ಹೋದ್ರೆ ಅರ್ಧ ಗಂಟೆ! ಬರೀ ಅರ್ಧ ಗಂಟೆ!”

“ಅಪ್ಪ, ಅದು ಹನ್ನೆರಡೂವರೆ ಗಂಟೆ. ಅಲ್ಲಿ ಹಗಲಾದ್ರೆ ಉಡುಪಿಯಲ್ಲಿ ರಾತ್ರಿ.”

“ಮುಳ್ಳಿನಲ್ಲಿ ಎಷ್ಟು?”

“ಮುಳ್ಳಿನಲ್ಲಿ ಅರ್ಧ.”

“ಮತ್ತೆ? ನಾವು ಹತ್ತಿರ ಬರ್ತಾ ಇದ್ದೇವೆ.” ಅಡುಗೆಮನೆಯ ಕಡೆ ತಿರುಗಿ ಕೂಗಿದರು. “ಕೇಳಿತಾ? ಅರ್ಧ ಗಂಟೆ ಅಂತೆ!”

ಅಮ್ಮ ಒಳಗಿನಿಂದ, “ಹಾಗಾದ್ರೆ ಊಟ ತಣ್ಣಗಾಗುದ್ರೊಳಗೆ ಮುಟ್ತದೆ,” ಎಂದಳು.

ಅಪ್ಪ ಹೊಸ ಟೇಪು ಹರಿದು ಅಂಟಿಸಿದರು. ಉಡುಪಿ. ಪರೀಕ್ಷಿಸಿದ್ದು, ತಾರೀಕು. ಸಹಿ ಹಾಕಲು ಪೆನ್ನು ತೆರೆದವರು ಒಂದು ಕ್ಷಣ ಯೋಚಿಸಿ, ಪೆನ್ನನ್ನು ನನ್ನ ಕೈಗೆ ಕೊಟ್ಟರು.

“ನವೆಂಬರಿನಲ್ಲಿ ಆ ಅರ್ಧ ಗಂಟೆ ಒಂದೂವರೆ ಆಗ್ತದೆ,” ಎಂದರು. “ನೀನೇ ಸಹಿ ಹಾಕು. ಇನ್ನು ತಪ್ಪಿದ್ರೆ ಹೆಸ್ರು ನಿಂದು.”

ಹಾಕಿದೆ.